ಗಾಳಿಗೆ ಲೆಕ್ಕ ಇಟ್ಟ ಕಪ್ತಾನನ ಹಿಂದೆ ನಾಲ್ಕು ದಿನ

ಬ್ರಿಸ್ಟಲ್‌ನ ತಮ್ಮನ ಮನೆಯಲ್ಲಿ ಮೊದಲ ವಾರ ನನಗೆ ನಡುರಾತ್ರಿಯೇ ಬೆಳಗಾಗುತ್ತಿತ್ತು. ಗಂಗೊಳ್ಳಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಅಲ್ಲಿ ಗಂಟೆ ಹನ್ನೆರಡು ಮುಕ್ಕಾಲು. ಎದ್ದು ಅಡುಗೆಮನೆಯಲ್ಲಿ ಚಾ ಕಾಯಿಸಿಕೊಂಡು ರೇಡಿಯೋ ತಿರುಗಿಸಿದರೆ ಒಬ್ಬಾಕೆ ನಿಧಾನವಾಗಿ, ಏರಿಳಿತವೇ ಇಲ್ಲದ ದನಿಯಲ್ಲಿ ಏನೋ ಪಟ್ಟಿ ಓದುತ್ತಿದ್ದಳು: ಪ್ಲಿಮತ್, ಬಿಸ್ಕೆ, ಟ್ರಫಾಲ್ಗರ್, ಫಿಟ್ಜ್‌ರಾಯ್, ಸೋಲ್, ಲಂಡಿ, ಫಾಸ್ಟ್‌ನೆಟ್. ಒಂದೊಂದು ಹೆಸರಿನ ಮುಂದೂ ಗಾಳಿ ಯಾವ ಕಡೆಯದು, ಎಷ್ಟು ಜೋರು, ಸಮುದ್ರ ಹೇಗಿದೆ ಎಂಬ ವಿವರ. ಬಿಬಿಸಿಯವರು ಹಡಗಿನವರಿಗಾಗಿ ಓದುವ ಹವಾಮಾನ ವರದಿ ಅದು. ಅರ್ಥವಾಗದಿದ್ದರೂ ಭಜನೆ ಕೇಳಿದ ಹಾಗೆ ಕೂತುಬಿಟ್ಟೆ.

ಅಪ್ಪ ಮೂವತ್ತು ವರ್ಷ ಬೋಟಿನ ತಾಂಡೇಲನಾಗಿದ್ದವರು. ನಮ್ಮ ಮನೆಯಲ್ಲೂ ರೇಡಿಯೋ ಇತ್ತು, ಬಿರುಗಾಳಿಯ ಎಚ್ಚರಿಕೆಯೂ ಬರುತ್ತಿತ್ತು. "ರೇಡಿಯೋದವ ಹೇಳು ಗಾಳಿ ರೇಡಿಯೋದಗೇ ಇತ್ತ್" ಎಂದು ಬೈಯುತ್ತಲೇ ಅವರು ಕೇಳುತ್ತಿದ್ದರು. ಬೈದರೂ ಕಿವಿ ಮಾತ್ರ ಅತ್ತಲೇ.

ಬೆಳಿಗ್ಗೆ ತಮ್ಮನನ್ನು ಕೇಳಿದೆ, ಈ ಫಿಟ್ಜ್‌ರಾಯ್ ಅಂದರೆ ಯಾವ ಊರು ಎಂದು. ಊರಲ್ಲವಂತೆ. ಆ ಪಟ್ಟಿಯಲ್ಲಿ ಮನುಷ್ಯನ ಹೆಸರಿರುವುದು ಅದೊಂದೇ. ಸ್ಪೇನಿನ ವಾಯವ್ಯಕ್ಕಿರುವ ಆ ಕಡಲಿನ ಭಾಗವನ್ನು ಮೊದಲು ಫಿನಿಸ್ಟೆರ್ ಎನ್ನುತ್ತಿದ್ದರು, 2002ರಲ್ಲಿ ಹೆಸರು ಬದಲಾಯಿಸಿದರು. ರಾಬರ್ಟ್ ಫಿಟ್ಜ್‌ರಾಯ್ ಬ್ರಿಟಿಷ್ ನೌಕಾದಳದ ಅಧಿಕಾರಿ. ಡಾರ್ವಿನ್ ಪ್ರಪಂಚ ಸುತ್ತಿದ 'ಬೀಗಲ್' ಹಡಗಿನ ಕಪ್ತಾನ. ಹವಾಮಾನ ಮುನ್ಸೂಚನೆಗೆ ಇಂಗ್ಲಿಷಿನಲ್ಲಿ ಇವತ್ತು ಬಳಸುವ 'ಫೋರ್‌ಕಾಸ್ಟ್' ಎಂಬ ಪದವನ್ನು ಆ ಅರ್ಥದಲ್ಲಿ ಬಳಕೆಗೆ ತಂದವನೂ ಅವನೇ. ಅಂದರೆ ಅಪ್ಪ ಅಷ್ಟು ವರ್ಷ ಬೈದದ್ದು ಯಾರಿಗೆ ಎಂದು ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಗೊತ್ತಾಯಿತು.

"ಎಲ್ಲರೂ ಲಂಡನ್ನಿಗೆ ಬಂದರೆ ರಾಣಿ ಅರಮನೆ ನೋಡ್ತಾರೆ. ನೀನು ಸತ್ತ ಕಪ್ತಾನನ ಹಿಂದೆ ಹೋಗ್ತೀಯಲ್ಲ ಮಾರಾಯಾ" ಅಂದ ತಮ್ಮ. ಅಂದವನೇ ನಾಲ್ಕು ದಿನ ರಜೆ ಹಾಕಿ ಟಿಕೆಟ್ ತೆಗೆದ.

ಮೊದಲ ದಿನ: ಎಕ್ಸೆಟರ್

ಬ್ರಿಸ್ಟಲ್‌ನಿಂದ ಎಕ್ಸೆಟರ್‌ಗೆ ರೈಲಿನಲ್ಲಿ ಹೆಚ್ಚು ಹೊತ್ತೇನಿಲ್ಲ. ಅಕ್ಟೋಬರ್ ಕೊನೆ, ಹೊಲಗಳೆಲ್ಲ ಒದ್ದೆ. ಬ್ರಿಟನ್ನಿನ ಹವಾಮಾನ ಇಲಾಖೆ 'ಮೆಟ್ ಆಫೀಸ್' 2003ರಿಂದ ಈ ಊರಿನಲ್ಲಿದೆ. ಊರ ಹೊರಗೆ ಹೆದ್ದಾರಿಯ ಬಳಿ ಗಾಜಿನ ದೊಡ್ಡ ಕಟ್ಟಡ. ಸುಮ್ಮನೆ ಹೋದವರನ್ನು ಒಳಗೆ ಬಿಡುವ ಜಾಗವಲ್ಲ. ನಾನು ಹೋದದ್ದು ರಸ್ತೆಯ ಬೋರ್ಡು ನೋಡಲಿಕ್ಕೆ. ಆ ರಸ್ತೆಯ ಹೆಸರು ಫಿಟ್ಜ್‌ರಾಯ್ ರೋಡ್. ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಕಾವಲುಗಾರ ಗಾಜಿನ ಗೂಡಿನಿಂದ ಇಣುಕಿ ನೋಡಿದ. ಕಂಬಕ್ಕೆ ಒರಗಿ ನಗುವ ಮಧ್ಯವಯಸ್ಕರನ್ನು ಅವನು ಮೊದಲು ಕಂಡಿರಲಿಕ್ಕಿಲ್ಲ.

ವಾಪಸ್ ಬಸ್ಸಿಗೆ ಕಾಯುವಾಗ ಒಬ್ಬ ಹೆಂಗಸು ಮಾತಿಗೆ ಸಿಕ್ಕಳು. ಅವಳ ಗಂಡ ಹಿಂದೆ ಅದೇ ಕಚೇರಿಯಲ್ಲಿ ಕೆಲಸದಲ್ಲಿದ್ದನಂತೆ. ಆತ ನೋಡಿಕೊಳ್ಳುತ್ತಿದ್ದದ್ದು ಕಂಪ್ಯೂಟರು ಮಾತ್ರ, ಮೋಡದ ಸುದ್ದಿಯೇ ಗೊತ್ತಿಲ್ಲ. ಆದರೂ ಓಣಿಯಲ್ಲಿ ಯಾರ ಮನೆಯ ಮದುವೆಗೆ ಮಳೆ ಬಂದರೂ ಇವರ ಮನೆಗೇ ದೂರು. "ಒಮ್ಮೆ ಪಕ್ಕದ ಮನೆಯವಳು ಒದ್ದೆ ಬಟ್ಟೆಯ ಬುಟ್ಟಿಯನ್ನೇ ತಂದು ತೋರಿಸಿದ್ದಳು" ಎಂದು ನಕ್ಕಳು.

ಮಧ್ಯಾಹ್ನ ಪೇಟೆಯಲ್ಲಿ ತಿರುಗುವಾಗ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕಾಲು ನಿಂತಿತು. ಗೋಡೆಯಲ್ಲಿ ಒಂದು ಉದ್ದನೆಯ ಮರದ ಪೆಟ್ಟಿಗೆ, ಮುಂದೆ ಗಾಜು. ಒಳಗೆ ಪಾದರಸದ ಕೊಳವೆ, ಪಕ್ಕದಲ್ಲಿ ಥರ್ಮಾಮೀಟರು, ಉಳಿದ ಜಾಗವೆಲ್ಲ ಹಳದಿಯಾದ ಅಚ್ಚಿನ ಕಾಗದ. ಇದೇ 'ಫಿಟ್ಜ್‌ರಾಯ್ ಬ್ಯಾರೋಮೀಟರ್'. ಆತ ಮೀನುಗಾರರ ಬಂದರುಗಳಿಗೆ ವಾಯುಭಾರ ಮಾಪಕ ಹಾಕಿಸಿದ, ದೋಣಿಯವರು ಅದನ್ನು ನೋಡಿಯೇ ಹೊರಡಲಿ ಎಂದು. ಆಮೇಲೆ ಅವನ ಹೆಸರು ಹಚ್ಚಿ ಮನೆಬಳಕೆಯ ಮಾಪಕಗಳನ್ನು ಯಾರುಯಾರೋ ಮಾಡಿ ಮಾರಿದರು. ಕಾಗದದ ಮೇಲೆ ಓದು ಬಾರದವನಿಗೂ ಬಾಯಿಪಾಠವಾಗುವಂತೆ ಪ್ರಾಸದ ಸಾಲುಗಳಿವೆ. ಒಂದರ ಅರ್ಥ ಹೀಗೆ: ಮುಂಚೆ ಸೂಚನೆ ಕೊಟ್ಟು ಬಂದ ಗಾಳಿ ಬಹಳ ಹೊತ್ತು ಇರುತ್ತದೆ, ದಿಢೀರ್ ಬಂದದ್ದು ದಿಢೀರ್ ಹೋಗುತ್ತದೆ. ನಮ್ಮಲ್ಲಿ "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನುವ ಹಾಗೆ.

ಕೊಳವೆಯ ಪಕ್ಕ ಒಂದು ಸಣ್ಣ ಶೀಷೆಯೂ ಇತ್ತು, ತಿಳಿ ನೀರಿನಂಥ ದ್ರವದ ತಳದಲ್ಲಿ ಬಿಳಿ ಹರಳು. ಬಿರುಗಾಳಿಯ ಶೀಷೆ ಅಂತ ಅದರ ಹೆಸರು. ಒಳಗಿರುವುದು ಮದ್ಯಸಾರದಲ್ಲಿ ಕರಗಿಸಿದ ಕರ್ಪೂರ, ನವಸಾಗರ, ಪೆಟ್ಲುಪ್ಪು. ಬೀಗಲ್ ಯಾನದಲ್ಲಿ ಫಿಟ್ಜ್‌ರಾಯ್ ಇದರ ಹರಳುಗಳನ್ನೂ ದಿನಾ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ಹರಳು ಏಳುವುದು ಬೀಳುವುದು ಸೆಕೆ ಚಳಿಗೆ, ಬಿರುಗಾಳಿಗಲ್ಲ. ಅಂಗಡಿಯಾತ ಮಾತ್ರ "ನಿನ್ನೆಯಿಂದ ಹರಳು ಮೇಲೆ ಬರ್ತಾ ಇದೆ, ನಾಳೆ ಮಳೆ" ಅಂದ. ತಮ್ಮ ಮೊಬೈಲು ತೆಗೆದು "ನಾಳೆಯಲ್ಲ, ನಾಡಿದ್ದು ಮಧ್ಯಾಹ್ನ ಎರಡರ ಮೇಲೆ" ಅಂದ. ಬೆಲೆ ಕೇಳಿ ನಾನು ಕೈ ಹಿಂದಕ್ಕೆ ತೆಗೆದೆ.

ಎರಡನೇ ದಿನ: ಕಡಲ ಮೇಲಿನ ರೈಲು

ಎಕ್ಸೆಟರ್‌ನಿಂದ ಪ್ಲಿಮತ್‌ಗೆ ಹೋಗುವವರು ಎಡಬದಿಯ ಕಿಟಕಿ ಹಿಡಿಯಬೇಕು. ಮೊದಲು ನದಿ ಅಗಲವಾಗುತ್ತಾ ಅಳಿವೆಯಾಗುತ್ತದೆ, ಗಂಗೊಳ್ಳಿಯ ಅಳಿವೆಯನ್ನು ಹೊಗೆಬಣ್ಣದಲ್ಲಿ ಅದ್ದಿದ ಹಾಗೆ. ಆಮೇಲೆ ಡಾಲಿಶ್ ಎಂಬಲ್ಲಿ ರೈಲು ಕಡಲಿನ ಗೋಡೆಯ ಮೇಲೆಯೇ ಓಡುತ್ತದೆ. ಒಂದು ಬದಿ ಕೆಂಪು ಮಣ್ಣಿನ ದಿಬ್ಬ, ಇನ್ನೊಂದು ಬದಿ ನೇರ ನೀರು. 2014ರ ಫೆಬ್ರವರಿಯ ಬಿರುಗಾಳಿಗೆ ಈ ಗೋಡೆ ಕುಸಿದು ಹಳಿಗಳು ಗಾಳಿಯಲ್ಲಿ ತೂಗುಯ್ಯಾಲೆಯಾಗಿದ್ದವು, ಎರಡು ತಿಂಗಳು ರೈಲೇ ಇರಲಿಲ್ಲ. ನಾವು ಹೋದ ದಿನ ಸಮುದ್ರ ಸಾಧುವಾಗಿತ್ತು. ಆದರೂ ಒಂದು ತೆರೆ ಎದ್ದು ಕಿಟಕಿಗೆ ಎರಚಿತು. ಎದುರು ಕೂತ ಮಗು ಕೇಕೆ ಹಾಕಿತು, ನನ್ನ ಚಾ ಮಡಿಲಿಗೆ ಬಿತ್ತು.

ಪ್ಲಿಮತ್ ಪೂರ್ತಿ ನೌಕಾದಳದ ಊರು. ಸಂಜೆ ಹಳೇ ಬಂದರಿನ ಬೀದಿಯಲ್ಲಿ ಸುಟ್ಟ ಮೀನು ತಿಂದೆವು. ತಟ್ಟೆಗೆ ಬಂದದ್ದು ನಮ್ಮ ಬಂಗುಡೆಯ ದಾಯಾದಿ, ಬೆನ್ನಿನ ಮೇಲೆ ಅದೇ ನೀಲಿ ಗೆರೆ, ಆದರೆ ಹುಳಿಯಿಲ್ಲ, ಖಾರವಿಲ್ಲ. ತಮ್ಮ ಜೇಬಿನಿಂದ ಪೊಟ್ಟಣ ತೆಗೆದ. ಹೆಂಡತಿ ಕಟ್ಟಿಕೊಟ್ಟ ಮೆಣಸಿನ ಪುಡಿ. ಪಕ್ಕದ ಮೇಜಿನ ಮುದುಕ ಕುತೂಹಲದಿಂದ ನೋಡಿ ತಾನೂ ಚಿಟಿಕೆ ಕೇಳಿ ಹಾಕಿಕೊಂಡ, ಕಣ್ಣಲ್ಲಿ ನೀರು ಬಂದರೂ ಮುಖ ಕೆಡಿಸಲಿಲ್ಲ. ಆತ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತನಾದವನು. ಫಿಟ್ಜ್‌ರಾಯ್ ಅಂದೆ. "ಓ, ಬಿಸಿ ಕಾಫಿ!" ಅಂದ.

ಆ ಅಡ್ಡಹೆಸರು ಹಡಗಿನ ಕಿರಿಯ ಅಧಿಕಾರಿಗಳು ಇಟ್ಟದ್ದು. ಬೆಳಿಗ್ಗೆ ಪಾಳಿ ಬದಲಾಗುವಾಗ "ಇವತ್ತು ಬಿಸಿ ಕಾಫಿ ಎಷ್ಟು ಬಡಿಸಿದರು?" ಎಂದು ಪಿಸುಗುಟ್ಟಿದರೆ ಕಪ್ತಾನನ ಸಿಟ್ಟು ಎಷ್ಟು ಡಿಗ್ರಿಯಲ್ಲಿದೆ ಎಂದರ್ಥ. ಸಿಟ್ಟು ಎಷ್ಟಿತ್ತೋ ಬುದ್ಧಿಯೂ ಅಷ್ಟೇ ಇತ್ತು. 1805ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, ಹನ್ನೆರಡಕ್ಕೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜು ಸೇರಿ, ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವನು. 1828ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಬೀಗಲ್‌ನ ಕಪ್ತಾನ ಸ್ಟೋಕ್ಸ್ ಒಂಟಿತನ ತಾಳಲಾರದೆ ಜೀವ ಕಳೆದುಕೊಂಡಾಗ ಆ ಹಡಗು ಇವನ ಕೈಗೆ ಬಂತು. ಇವನಿಗಾಗ 23 ವರ್ಷ. ಸೋದರಮಾವ ಕ್ಯಾಸಲ್‌ರೇ ಕೂಡ ಹಾಗೆಯೇ ಹೋದವನು. ಎರಡನೇ ಯಾನಕ್ಕೆ ಹೊರಡುವಾಗ, ಊಟದ ಮೇಜಿನಲ್ಲಿ ಮಾತಾಡಲಿಕ್ಕೆ ಓದಿದವನೊಬ್ಬ ಜೊತೆಗಿರಲಿ ಎಂದು ಫಿಟ್ಜ್‌ರಾಯ್ ಹಂಬಲಿಸಿದ್ದರಲ್ಲಿ ಈ ಭಯವೂ ಇದ್ದಿರಬೇಕು. ಹಾಗೆ ಸಿಕ್ಕವನು ಡಾರ್ವಿನ್. ಮೊದಲು ಇವನಿಗೆ ಡಾರ್ವಿನ್‌ನ ಮೂಗು ಹಿಡಿಸಿರಲಿಲ್ಲವಂತೆ, ಇಂಥ ಮೂಗಿನವನಿಗೆ ಗಟ್ಟಿತನ ಇರುವುದಿಲ್ಲ ಎಂದು. ಸಾಮುದ್ರಿಕ ಲಕ್ಷಣ ನೋಡಿ ಹೆಣ್ಣು ಬೇಡ ಅನ್ನುವ ನಮ್ಮ ಹಳೇ ಯಜಮಾನರ ನೆನಪಾಯಿತು.

ಮುದುಕ ಏಳುವಾಗ ಹೇಳಿದ: "ನಾಳೆ ಬಾರ್ನ್ ಪೂಲ್‌ಗೆ ಹೋಗಿ. ಅವರು ಹೊರಟದ್ದು ಅಲ್ಲಿಂದ. ಕೊಡೆ ಒಯ್ಯಬೇಡಿ, ಇಲ್ಲಿಯ ಗಾಳಿಗೆ ಕೊಡೆ ಅಂದರೆ ಲೇವಡಿ."

ಮೂರನೇ ದಿನ: ಬಾರ್ನ್ ಪೂಲ್

ಸ್ಟೋನ್‌ಹೌಸ್ ಬದಿಯ ಕಟ್ಟೆಯಿಂದ ಕ್ರೆಮಿಲ್‌ಗೆ ಪುಟ್ಟ ಲಾಂಚು ಹೋಗುತ್ತದೆ. ಹತ್ತು ನಿಮಿಷದ ದಾರಿ, ಅಷ್ಟರಲ್ಲಿ ಡೆವನ್ ಜಿಲ್ಲೆ ಮುಗಿದು ಕಾರ್ನ್‌ವಾಲ್ ಶುರು. ಚಳಿಗಾಲದ ಕಡೆ ಹೋದರೆ ಕೊನೆಯ ಲಾಂಚು ಎಷ್ಟಕ್ಕೆ ಎಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳುವುದು ವಾಸಿ. ಆಚೆ ದಡದಲ್ಲಿ ಮೌಂಟ್ ಎಡ್ಜ್‌ಕಂಬ್ ಎಂಬ ಹಳೇ ಜಮೀನುದಾರರ ಉದ್ಯಾನ. ಮರಗಳ ಕೆಳಗೆ ಹತ್ತು ನಿಮಿಷ ನಡೆದರೆ ಕಲ್ಲುಹರಳಿನ ಸಣ್ಣ ದಂಡೆ, ಅದೇ ಬಾರ್ನ್ ಪೂಲ್. ದಡಕ್ಕೆ ಅಂಟಿದ ಹಾಗೇ ನೀರು ಆಳ. ಬೀಗಲ್ ಇಲ್ಲಿ ಲಂಗರು ಹಾಕಿತ್ತು.

ಹಡಗು ಅಂದರೆ ಎಷ್ಟು ದೊಡ್ಡದು? ಉದ್ದ 90 ಅಡಿ. ನಮ್ಮ ಬಂದರಿನ ದೊಡ್ಡ ಬೋಟಿಗಿಂತ ಬಹಳವೇನೂ ಹೆಚ್ಚಲ್ಲ. ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ, ಐದು ವರ್ಷ. ಆ ಇಕ್ಕಟ್ಟಿನಲ್ಲೂ ಫಿಟ್ಜ್‌ರಾಯ್ 22 ಸೂಕ್ಷ್ಮ ಗಡಿಯಾರ ತುಂಬಿಸಿದ್ದ. ರೇಖಾಂಶ ಅಳೆಯಲಿಕ್ಕೆ ಸಮಯ ತಪ್ಪಬಾರದು. ಸರ್ಕಾರ ಕೊಟ್ಟದ್ದು ಸಾಲದೆ ಕೆಲವನ್ನು ಸ್ವಂತ ಹಣದಲ್ಲಿ ಕೊಂಡಿದ್ದ. ಪ್ರಪಂಚ ಸುತ್ತಿ ಬಂದು ಕೂಡಿ ನೋಡಿದರೆ ವ್ಯತ್ಯಾಸ ಬರೀ 33 ಸೆಕೆಂಡು. ಗಾಳಿಯ ಜೋರನ್ನು ಅಂಕಿಯಲ್ಲಿ ಹೇಳುವ ಬ್ಯೂಫರ್ಟ್ ಮಾಪನವನ್ನು ಸರಿಯಾಗಿ ಬಳಸಿದ ಮೊದಲ ಯಾನವೂ ಇದೇ.

ಅಷ್ಟೆಲ್ಲ ತಯಾರಿ ಇದ್ದೂ ಹೊರಡಲು ಆಗಲಿಲ್ಲ. 1831ರ ಡಿಸೆಂಬರಿನಲ್ಲಿ ಎರಡು ಸಲ ಹೊರಟು ಎರಡು ಸಲವೂ ನೈಋತ್ಯದ ಬಿರುಗಾಳಿಗೆ ಹಿಂದೆ ಬಂದರು. ಕ್ರಿಸ್ಮಸ್ ದಿನ ನಾವಿಕರು ಕುಡಿದು ಬಿದ್ದು, ಮಾರನೇ ದಿನ ಗಾಳಿ ಚೆನ್ನಾಗಿದ್ದರೂ ಹಡಗು ಬಿಡುವವರಿಲ್ಲ. ಕೊನೆಗೆ 27ಕ್ಕೆ ಹೊರಟರು.

ಹಡಗಿನಲ್ಲಿ ಇನ್ನೂ ಮೂವರಿದ್ದರು, ಇದು ನನಗೆ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದ ಸಂಗತಿ. ಮೊದಲ ಯಾನದಲ್ಲಿ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋ ದ್ವೀಪಗಳಲ್ಲಿ ಸ್ಥಳೀಯರು ಒಂದು ದೋಣಿ ಕದ್ದರೆಂದು ಫಿಟ್ಜ್‌ರಾಯ್ ಅಲ್ಲಿಯವರನ್ನು ಒತ್ತೆ ಹಿಡಿದ, ಕೊನೆಗೆ ನಾಲ್ವರನ್ನು ಇಂಗ್ಲೆಂಡಿಗೇ ತಂದ. ಒಬ್ಬನಿಗೆ ಕದ್ದ ದೋಣಿಯ ನೆನಪಿಗೆ 'ಬೋಟ್ ಮೆಮರಿ' ಎಂದೇ ಹೆಸರಿಟ್ಟರು. ಇನ್ನೊಬ್ಬ ಹುಡುಗನಿಗೆ 'ಜೆಮ್ಮಿ ಬಟನ್', ಅವನಿಗೆ ಬದಲಾಗಿ ಕೊಟ್ಟದ್ದು ಮುತ್ತಿನ ಚಿಪ್ಪಿನ ಒಂದು ಗುಂಡಿ. ಬೋಟ್ ಮೆಮರಿ ಇದೇ ಪ್ಲಿಮತ್‌ನ ನೌಕಾ ಆಸ್ಪತ್ರೆಯಲ್ಲಿ ಸಿಡುಬಿಗೆ ಸತ್ತ. ಉಳಿದ ಮೂವರಿಗೆ ಇಂಗ್ಲಿಷು, ಬೈಬಲ್ಲು ಕಲಿಸಿ, ರಾಜ ರಾಣಿಗೂ ತೋರಿಸಿ, ಎರಡನೇ ಯಾನದಲ್ಲಿ ಊರಿಗೆ ಬಿಟ್ಟುಬಂದರು. ಫಿಟ್ಜ್‌ರಾಯ್ ಇದನ್ನೆಲ್ಲ ಉಪಕಾರವೆಂದೇ ನಂಬಿದ್ದ, ಖರ್ಚನ್ನೂ ತಾನೇ ಹಾಕಿದ. ತಮ್ಮನ್ನು ಕೇಳದೇ ಮಗನನ್ನು ಒಯ್ದಾಗ ಆ ತಾಯಿ ತಂದೆ ಏನು ನಂಬಿದ್ದರೋ.

ಇಷ್ಟು ಯೋಚಿಸುತ್ತಾ ದಂಡೆಯಲ್ಲಿ ಕೂತು ಪೇಸ್ಟಿ ಬಿಚ್ಚಿದೆವು. ಕಾರ್ನ್‌ವಾಲಿನ ಗಣಿ ಕೆಲಸಗಾರರ ಬುತ್ತಿ ಅದು, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ಹೊರಗೆ ನಮ್ಮ ಕರ್ಜಿಕಾಯಿಯ ಹಾಗೆ ಮಡಿಸಿದ ಅಂಚು. ಎರಡು ಗಂಟೆಯವರೆಗೆ ಮಳೆ ಇಲ್ಲ ಎಂದಿತ್ತಲ್ಲ ಮೊಬೈಲು. ಹನ್ನೊಂದೂಕಾಲಿಗೆ ಸುರಿಯಿತು. ಹನಿಯಲ್ಲ, ಅಡ್ಡ ಮಳೆ. ತಮ್ಮ ಮುದುಕನ ಮಾತು ಕೇಳದೆ ತಂದ ಕೊಡೆ ಬಿಚ್ಚಿದ್ದೇ ತಡ, ಬಟ್ಟಲಿನ ಹಾಗೆ ಮೇಲ್ಮುಖವಾಗಿ ನೀರು ತುಂಬಿಕೊಂಡಿತು. ಪೇಸ್ಟಿ ಗಂಜಿಯಾಯಿತು. ಮರದಡಿಗೆ ಓಡುತ್ತಾ ಇಬ್ಬರೂ ಒಟ್ಟಿಗೆ ಹವಾಮಾನದವರಿಗೆ ಹಿಡಿಶಾಪ ಹಾಕಿದೆವು, ನಾನು ಅಚ್ಚ ಕುಂದಾಪ್ರ ಕನ್ನಡದಲ್ಲಿ. ನನ್ನ ಬಾಯಿಂದ ಬಂದದ್ದು ಅಕ್ಷರಶಃ ಅಪ್ಪನ ಬೈಗುಳ. ಅರಿವಾಗಿ ನಗು ಬಂತು. ಅಂದು ಲಾಂಚಿನಲ್ಲಿ ವಾಪಸಾದಾಗ ಶೂಗಳಲ್ಲಿ ಎರಡೆರಡು ಲೋಟ ನೀರು. ಹೋಟೆಲಿನ ಹೀಟರಿನ ಮೇಲೆ ಕಾಲುಚೀಲ ಒಣಗಿಸಿದ ವಾಸನೆ ಇನ್ನೂ ಮೂಗಲ್ಲಿದೆ.

ನಾಲ್ಕನೇ ದಿನ: ಲಂಡನ್, ದಿಬ್ಬದ ಮೇಲಿನ ಕಲ್ಲು

ಆ ರಾತ್ರಿಯೇ ರೈಲು ಹತ್ತಿ ಲಂಡನ್ ಸೇರಿದ್ದೆವು. ಬೆಳಿಗ್ಗೆ ಮೊದಲು ಹೊಕ್ಕದ್ದು ಸೌತ್ ಕೆನ್ಸಿಂಗ್ಟನ್‌ನ ನಿಸರ್ಗ ವಿಜ್ಞಾನ ಸಂಗ್ರಹಾಲಯ. ಮೆಟ್ಟಿಲ ಮೇಲೆ ಡಾರ್ವಿನ್‌ನ ಬಿಳಿ ಅಮೃತಶಿಲೆಯ ಮೂರ್ತಿ, ಸುತ್ತ ಶಾಲೆಯ ಮಕ್ಕಳು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಆನ್ಸ್ಲೋ ಸ್ಕ್ವೇರ್. ಬಿಳಿ ಮನೆಗಳ ಸಾಲಿನಲ್ಲಿ 38ನೇ ನಂಬರಿನ ಮನೆಗೆ ಫಿಟ್ಜ್‌ರಾಯ್ ಹೆಸರಿನ ಫಲಕ. ಅದನ್ನು ನೋಡುತ್ತಿದ್ದವರು ನಾವಿಬ್ಬರು ಮತ್ತು ಒಂದು ನಾಯಿ.

ಯಾನ ಮುಗಿದ ಮೇಲಿನ ಅವನ ಕಥೆ ಇಳಿಜಾರಿನದು. ಪಾರ್ಲಿಮೆಂಟಿನ ಸದಸ್ಯನಾದ. 1843ರಲ್ಲಿ ನ್ಯೂಜಿಲೆಂಡಿನ ಗವರ್ನರ್ ಆದ. ಅಲ್ಲಿ ವೈರಾವು ಎಂಬಲ್ಲಿ ಮಾವೋರಿಗಳಿಗೂ ಬಿಳಿಯ ವಲಸಿಗರಿಗೂ ಹೊಡೆದಾಟವಾಗಿ ಜನ ಸತ್ತಾಗ, ತಪ್ಪು ವಲಸಿಗರದ್ದೇ ಎಂದು ಎಲ್ಲರೆದುರು ಹೇಳಿದ. ಬಿಳಿಯರು ಬಿಟ್ಟಾರೆಯೇ? 1845ರಲ್ಲಿ ವಾಪಸ್ ಕರೆಸಿಕೊಂಡರು. ಫ್ಯೂಗೋದಲ್ಲಿ ಮಕ್ಕಳನ್ನು ಒಯ್ದವನೂ ಅವನೇ, ಇಲ್ಲಿ ನ್ಯಾಯ ನುಡಿದವನೂ ಅವನೇ. ನನಗೆ ಇನ್ನೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬಂದಿಲ್ಲ.

1854ರಲ್ಲಿ ಸರ್ಕಾರ ಹವಾಮಾನದ ಅಂಕಿಅಂಶ ಕೂಡಿಡುವ ಸಣ್ಣ ಕಚೇರಿಗೆ ಅವನನ್ನು ಕೂರಿಸಿತು. ಕೆಲಸ ಬರೀ ಗುಮಾಸ್ತಿಕೆಯದು. 1859ರ ಅಕ್ಟೋಬರಿನಲ್ಲಿ ಮೆಲ್ಬರ್ನ್‌ನಿಂದ ಲಿವರ್‌ಪೂಲ್‌ಗೆ ಬರುತ್ತಿದ್ದ 'ರಾಯಲ್ ಚಾರ್ಟರ್' ಹಡಗು ಆಂಗ್ಲೆಸಿ ದ್ವೀಪದ ಬಂಡೆಗೆ ಬಡಿದು ಒಡೆಯಿತು, ಮನೆಗೆ ಇನ್ನೇನು ಕೆಲವು ಗಂಟೆಗಳ ದಾರಿ ಇರುವಾಗ. ಸುಮಾರು 450 ಜನ ಸತ್ತರು. ಆ ಒಂದೇ ಬಿರುಗಾಳಿಗೆ ಮುಳುಗಿದ ಹಡಗುಗಳು 133. ಗಾಳಿ ಬರುವುದು ಮೊದಲೇ ಗೊತ್ತಾಗುವಂತಿತ್ತು, ತಂತಿಯಲ್ಲಿ ಹೇಳಬಹುದಿತ್ತು ಎಂದು ಫಿಟ್ಜ್‌ರಾಯ್ ಹಟ ಹಿಡಿದ. ಕರಾವಳಿಯ ಊರುಗಳಿಂದ ಬೆಳಿಗ್ಗೆ ಬೆಳಿಗ್ಗೆ ತಂತಿ ತರಿಸಿ, 1861ರ ಫೆಬ್ರವರಿಯಿಂದ ಬಂದರುಗಳಿಗೆ ಎಚ್ಚರಿಕೆ ಕಳಿಸಿದ. ಬಂದರಿನ ಕಂಬಕ್ಕೆ ಡೇರೆಬಟ್ಟೆಯ ಶಂಕು ಏರಿಸಬೇಕು. ತುದಿ ಮೇಲಾದರೆ ಬಡಗಣ ಗಾಳಿ, ಕೆಳಗಾದರೆ ತೆಂಕಣ ಗಾಳಿ. ನಮ್ಮ ಕಡೆ ಪೇಪರಿನಲ್ಲಿ "ಬಂದರಿನಲ್ಲಿ ಮೂರನೇ ನಂಬರ್ ಸಿಗ್ನಲ್ ಏರಿಸಲಾಗಿದೆ" ಎಂದು ಬರುತ್ತದಲ್ಲ, ಆ ಶಂಕು, ಡೋಲುಗಳು ಇದೇ ಬಳ್ಳಿಯವು. 1864ರ ಚಂಡಮಾರುತ ಕಲ್ಕತ್ತೆಯನ್ನು ನೆಲಸಮ ಮಾಡಿದ ಮರುವರ್ಷ ಆ ಬಂದರಿಗೂ ಎಚ್ಚರಿಕೆಯ ವ್ಯವಸ್ಥೆ ಬಂತು.

1861ರ ಆಗಸ್ಟ್ 1ಕ್ಕೆ 'ದಿ ಟೈಮ್ಸ್' ಪತ್ರಿಕೆಯಲ್ಲಿ ಮೊದಲ ಮುನ್ಸೂಚನೆ ಅಚ್ಚಾಯಿತು. ವಿಕ್ಟೋರಿಯಾ ರಾಣಿಯೂ ವೈಟ್ ದ್ವೀಪಕ್ಕೆ ದಾಟುವ ಮುಂಚೆ ಇವನ ಹತ್ತಿರ ಕೇಳಿಸುತ್ತಿದ್ದಳು. ತಪ್ಪಿದ ದಿನ ಪತ್ರಿಕೆಗಳು ಗೇಲಿ ಮಾಡಿದವು, ವಿಜ್ಞಾನಿಗಳು ಇದು ವಿಜ್ಞಾನವೇ ಅಲ್ಲ ಎಂದರು, ಶಂಕು ಏರಿದ ದಿನ ದೋಣಿ ಹೊರಡದೆ ಲುಕ್ಸಾನು ಎಂದು ದೋಣಿಗಳ ಮಾಲೀಕರು ಹರಿಹಾಯ್ದರು. ಆಸ್ತಿಯೆಲ್ಲ ಹಡಗಿಗೆ, ಗಡಿಯಾರಕ್ಕೆ, ಮಾಪಕಕ್ಕೆ ಸುರಿದು ಮುಗಿದಿತ್ತು. 1865ರ ಏಪ್ರಿಲ್ 30, ಭಾನುವಾರ ಬೆಳಿಗ್ಗೆ, ತಾನು ಜೀವಮಾನವಿಡೀ ಹೆದರಿದ ದಾರಿಯನ್ನೇ ಅವನೂ ಹಿಡಿದ. ಹೆಂಡತಿ ಮಕ್ಕಳಿಗೆ ಗೆಳೆಯರು ಹಣ ಕೂಡಿಸಿದರು. ಅದರಲ್ಲಿ ಡಾರ್ವಿನ್ ಕೊಟ್ಟದ್ದು 100 ಪೌಂಡ್. ಮರುವರ್ಷ ಎಚ್ಚರಿಕೆಗಳನ್ನು ಸರ್ಕಾರ ನಿಲ್ಲಿಸಿತು. ಆಮೇಲೆ ಗಲಾಟೆ ಎಬ್ಬಿಸಿ ಮತ್ತೆ ಶುರುಮಾಡಿಸಿದವರು ಕರಾವಳಿಯ ಜನವೇ.

ಕ್ರಿಸ್ಟಲ್ ಪ್ಯಾಲೆಸ್ ಸ್ಟೇಷನ್ನಿನಲ್ಲಿ ಇಳಿದರೆ ಏರುದಾರಿ, ಮೊಣಕಾಲು ಗಟ್ಟಿ ಇಲ್ಲದವರು ಬಸ್ಸು ಹಿಡಿಯಿರಿ. ದಿಬ್ಬದ ಮೇಲೆ ಅಪ್ಪರ್ ನಾರ್ವುಡ್‌ನ ಆಲ್ ಸೇಂಟ್ಸ್ ಇಗರ್ಜಿ. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ ಹೆಂಗಸಿಗೆ ನಾವು ಬಾಯಿ ತೆರೆಯುವ ಮುಂಚೆಯೇ ಗೊತ್ತಾಯಿತು. "ಅಡ್ಮಿರಲ್ ಅಲ್ಲಿ" ಎಂದು ಪೊರಕೆಯಲ್ಲೇ ತೋರಿಸಿದಳು. ಬಂದವರೆಲ್ಲ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ಕಲ್ಲು ನೋಡುತ್ತಾರೆ ಅಂದಳು. ನಾನೂ ಆಗಲೇ ಆಕಾಶ ನೋಡಿ ಆಗಿತ್ತು.

ಮೆಟ್ ಆಫೀಸಿನವರು 1981ರಲ್ಲಿ ಸರಿಪಡಿಸಿದ ಸಮಾಧಿ ಅದು. ಅಂಚಿನಲ್ಲಿ ಪಾಚಿ. ಬೈಬಲ್ಲಿನ ಸಾಲೊಂದು ಕೆತ್ತಿದೆ, ಗಾಳಿ ತೆಂಕಣಕ್ಕೆ ಹೋಗುತ್ತದೆ, ಬಡಗಣಕ್ಕೆ ತಿರುಗುತ್ತದೆ, ಸುತ್ತಿ ಸುತ್ತಿ ತನ್ನ ದಾರಿಗೇ ಮರಳುತ್ತದೆ ಎಂದು. ಗಂಗೊಳ್ಳಿಯಲ್ಲಿ ಆಗ ಸಂಜೆ, ಅಪ್ಪ ಚಾ ಕುಡಿಯುವ ಹೊತ್ತು. ವಿಡಿಯೋ ಕರೆ ಮಾಡಿ ಕಲ್ಲು ತೋರಿಸಿದೆ. ಹಡಗಿನವ, ಗಾಳಿ ಸುದ್ದಿ ಮೊದಲು ಹೇಳಿದವ, ನಿಮ್ಮ ರೇಡಿಯೋದವನ ಅಜ್ಜ ಎಂದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಈಗ ಅಲ್ ಗಾಳಿ ಯಾವ್ ಬದಿದ್?" ಎಂದು ಕೇಳಿದರು.

ತಮ್ಮ ಮೊಬೈಲು ತೆಗೆಯಹೊರಟ. ನಾನು ಕರವಸ್ತ್ರ ಬಿಚ್ಚಿ ಮೇಲೆತ್ತಿ ಹಿಡಿದೆ.